ತಂಪಿನ ಜೊತೆ ಬರುವ ನೀರು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಸುತ್ತಿನ ಕಾಫಿ ಸೀಮೆಗೆ ಹವಾನಿಯಂತ್ರಕದ ಅಗತ್ಯ ಬಯಲುಸೀಮೆಯಷ್ಟಿಲ್ಲ. ಆದರೆ ತೇವದ ಗಾಳಿಯ ಇಂಥ ಊರುಗಳಲ್ಲೇ ಅದರ ನೀರಿನ ಕೊಳವೆಗೆ ಕೆಲಸ ಹೆಚ್ಚು.

ಅಸಲಿಗೆ ಈ ಯಂತ್ರ ಹುಟ್ಟಿದ್ದೇ ತೇವ ತೆಗೆಯಲು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಅದಕ್ಕೆ ಪರಿಹಾರ ರೂಪಿಸಿದ.

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಒಳಘಟಕದ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ಹನಿಗಟ್ಟಿ ತಟ್ಟೆಗೆ ಬೀಳುತ್ತದೆ. ಅಲ್ಲಿಂದ ಅದನ್ನು ಹೊರಗೆ ಒಯ್ಯುವುದು ಇಳಿಜಾರು ಮಾತ್ರ. ಮೀಟರಿಗೆ ಸುಮಾರು 1 ಸೆಂಟಿಮೀಟರ್ ಇಳಿತ ಬೇಕು. ಗೋಡೆಯ ರಂಧ್ರವೂ ಹೊರಕ್ಕೆ ವಾಲಿರಬೇಕು. ಕೊಳವೆ ನಡುವೆ ಎಲ್ಲಿಯೂ ಮೇಲೇಳಬಾರದು, ಅದರ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಬಾರದು. ತಪ್ಪಿದರೆ ನೀರು ಹಿಂದಕ್ಕೆ ಬಂದು ಗೋಡೆ ನೆನೆದು ಬೂಷ್ಟು ಹಿಡಿಯುತ್ತದೆ. ಗೋಡೆ ಮುಚ್ಚುವ ಮುನ್ನ ತಟ್ಟೆಗೆ ಒಂದು ಚೊಂಬು ನೀರು ಸುರಿದು ನೋಡುವುದು ಎರಡು ನಿಮಿಷದ ಕೆಲಸ, ಬಿಟ್ಟುಬಿಡುವುದೂ ಅದನ್ನೇ!

ಪಕ್ಕದ ತಾಮ್ರದ ಕೊಳವೆಗಳಲ್ಲಿ ಸಪೂರವಾದದ್ದು ಶೀತಕವನ್ನು ಒಳಗೆ ತರುತ್ತದೆ, ದಪ್ಪನೆಯದು ಅನಿಲವಾಗಿ ಹಿಂದಕ್ಕೆ ಒಯ್ಯುತ್ತದೆ. ಎರಡಕ್ಕೂ ಬೇರೆಬೇರೆ ಫೋಮ್ ಹೊದಿಕೆ ಬೇಕು. ಇಲ್ಲದಿದ್ದರೆ ಅವೂ ಬೆವರುತ್ತವೆ, ಅಪವಾದ ನೀರಿನ ಕೊಳವೆಯ ಮೇಲೆ ಬರುತ್ತದೆ. ಜೋಡಣೆಯಾದ ಮೇಲೆ ಒಳಗಿನ ಗಾಳಿ, ತೇವವನ್ನು ನಿರ್ವಾತ ಪಂಪಿನಿಂದ ಎಳೆಯಬೇಕು; ಒಂದಿಷ್ಟು ಶೀತಕವನ್ನೇ ಬಿಟ್ಟು ಗಾಳಿ ಹೊರದೂಡುವುದು ಕೆಟ್ಟ ಅಡ್ಡದಾರಿ. ಹಳೆಯ ಆರ್-22 ಓಝೋನ್ ಪದರವನ್ನು ಕೆಡಿಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಹಾದಿಯಲ್ಲಿ ಅದು ಹಿಂದೆ ಸರಿಯಿತು. ಈಗಿನ ಆರ್-32ಕ್ಕೆ ಆ ದೋಷವಿಲ್ಲ, ಆದರೆ ಬೆಂಕಿ ಹತ್ತುವ ಗುಣವಿದೆ. ಆದ್ದರಿಂದ ಕೀಲುಗಳನ್ನು ಗೋಡೆಯೊಳಗೆ ಹುಗಿಯದೆ, ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಲು ಕೈಗೆಟುಕುವಂತೆ ಇಡಬೇಕು.