ಸೊಪ್ಪಿನ ಬೆಟ್ಟ ಮತ್ತು ಕುಮರಿ

ಸೋಂದೆಯ ಅಡಿಕೆ ತೋಟಗಳನ್ನು ಕಂಡು ಮೆಚ್ಚುವವರು ಅವುಗಳ ಬೆನ್ನಿಗಿರುವ ಬೆಟ್ಟವನ್ನು ಅಷ್ಟಾಗಿ ಗಮನಿಸುವುದಿಲ್ಲ. ತೋಟದ ಜೀವವಿರುವುದು ಅಲ್ಲಿ. ಟೊಂಗೆ ಸವರಿ ತಂದ ಸೊಪ್ಪು ಕೊಟ್ಟಿಗೆಯಲ್ಲಿ ಹಾಸಾಗಿ, ಗೊಬ್ಬರವಾಗಿ, ಕಡೆಗೆ ಅಡಿಕೆಯ ಬುಡ ಸೇರುತ್ತದೆ.

ಈ ಸೀಮೆಯ ಕಾಡಿನಲ್ಲಿ ಇನ್ನೊಂದು ಬೇಸಾಯವೂ ಇತ್ತು; ಅದು ಕುಮರಿ. ಯಲ್ಲಾಪುರದ ಕಡೆಯ ಕುಣಬಿಗಳು ಕಾಡಿನ ಒಂದು ತುಂಡನ್ನು ಕಡಿದು, ಒಣಗಿದ ಮೇಲೆ ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ಒಂದೆರಡು ಬೆಳೆಯಾದ ಮೇಲೆ ಆ ನೆಲವನ್ನು ಹಲವು ವರ್ಷ ಬಿಟ್ಟುಬಿಡುವರು. ಕಾಡು ಮತ್ತೆ ಏಳುವುದು.

1799ರಲ್ಲಿ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಹಡಗಿಗೆ, ಆಮೇಲೆ ರೈಲು ದಾರಿಗೆ ಮರ ಬೇಕಾಯಿತು. ತೇಗವನ್ನೆಣಿಸುವವರ ಕಣ್ಣಿಗೆ ಕುಮರಿ ಬರಿಯ ಹಾಳುಗೆಡಹುವಿಕೆಯಾಗಿ ಕಂಡಿತು. 1860ರಲ್ಲಿ ಮದರಾಸು ಸರಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ತೋಟಿಗರಿಗಾದರೋ ಮುಂದೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆಯಿತು. ತೋಟ ಒಂದೇ ಕಡೆ ನಿಲ್ಲುತ್ತದೆ, ಕಂದಾಯ ಕೊಡುತ್ತದೆ. ಅಲೆಯುವ ಹೊಲವನ್ನು ದಫ್ತರದಲ್ಲಿ ಬರೆಯುವುದೆಂತು? ಸವರಿ ಸವರಿ ಬೋಳಾದ ಬೆಟ್ಟಗಳೂ ಉಂಟೆನ್ನಿ. ಅವನ್ನು ಯಾರೂ ಕುಮರಿಯಂತೆ ದೂರಲಿಲ್ಲ.

ಸ್ವಾತಂತ್ರ್ಯದ ನಂತರ ದಾಂಡೇಲಿಯ ಕಾಗದದ ಕಾರಖಾನೆಗೆ ಬಿದಿರು ಹೋಯಿತು. ಸಹಜ ಕಾಡು ಕಡಿದು ತೇಗ ನೆಟ್ಟದ್ದೂ ಆಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿ ನಿಂತದ್ದು ಇದಕ್ಕಾಗಿಯೇ.

2006ರ ಅರಣ್ಯ ಹಕ್ಕು ಕಾಯಿದೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೇಳುತ್ತದೆ. ಬೆಟ್ಟಕ್ಕೆ ಹಳೆಯ ದಾಖಲೆಯಿದೆ. ಕುಮರಿಯವರ ಮರಿಮಕ್ಕಳು ಅದನ್ನು ಎಲ್ಲಿಂದ ತರಬೇಕು?