ಕರಗಬೇಕು, ಅವಸರ ಬೇಡ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಅನಗವಾಡಿ ಸೇತುವೆಯ ಮೇಲೆ ಟ್ರ್ಯಾಕ್ಟರ್‌ಗಳ ಸಾಲು. ಈ ಕಬ್ಬಿನಿಂದ ಸಕ್ಕರೆ, ಸ್ಪಿರಿಟ್, ಕರೆಂಟು ಆಗುವುದು ಮುಧೋಳ, ಜಮಖಂಡಿ, ಬೀಳಗಿಯವರಿಗೆಲ್ಲ ಗೊತ್ತು. ಅದೇ ಸಕ್ಕರೆಯನ್ನು ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರಿನಲ್ಲಿರುವ ಹುಳಿಯೇ. ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪ್ಲಾಸ್ಟಿಕ್ ಸಿಗುತ್ತದೆ. ಅದು ಮೈಯೊಳಗೆ ಕರಗುವ ಪ್ಲಾಸ್ಟಿಕ್.

ಕರಗುವುದೇಕೆ ಬೇಕು? ಗಡ್ಡೆಯನ್ನೋ ಕೊಳೆತ ಮೂಳೆಯನ್ನೋ ತೆಗೆದ ಮೇಲೆ ಒಳಗೊಂದು ಪೊಳ್ಳು ಉಳಿಯುತ್ತದೆ. ಸರ್ಜನ್‌ಗಳ ಮಾತಿನಲ್ಲಿ ಅದು ‘ಡೆಡ್ ಸ್ಪೇಸ್’. ಹಾಗೇ ಹೊಲಿದು ಬಿಟ್ಟರೆ ರಕ್ತ, ನೀರು ಸೇರಿ ಕೀವಾಗಬಹುದು. ಜರ್ಮನಿಯ ಸರ್ಜನ್ ಡ್ರೀಸ್‌ಮನ್ 1892ರಲ್ಲೇ ಮೂಳೆಯ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದ. ಅದರ ತೊಂದರೆಯೆಂದರೆ ಅವಸರ: ಹೊಸ ಮೂಳೆ ಬೆಳೆದು ಜಾಗ ಹಿಡಿಯುವ ಮೊದಲೇ ಕೆಲವು ವಾರಗಳಲ್ಲಿ ಕರಗಿಬಿಡುತ್ತದೆ. ಹೈಡ್ರಾಕ್ಸಿಅಪಟೈಟ್ ಎಂಬ ಗಟ್ಟಿ ಖನಿಜ ಇದಕ್ಕೆ ತದ್ವಿರುದ್ಧ, ವರ್ಷಗಟ್ಟಲೆ ಕದಲುವುದಿಲ್ಲ.

ಯಾವ ವಸ್ತು ಎಷ್ಟು ಕಾಲದಲ್ಲಿ ಕರಗುತ್ತದೆ ಎಂಬ ಈ ವೇಳೆಯ ಲೆಕ್ಕವನ್ನು ಒರೆಗೆ ಹಚ್ಚುವ ನಮ್ಮ ದೇಶದ ಹೆಸರಾಂತ ತಾಣ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ. ಅದರ ಬಯೋಮೆಡಿಕಲ್ ತಂತ್ರಜ್ಞಾನ ವಿಭಾಗ ಇರುವುದು ಪೂಜಪ್ಪುರದ ಸಾಟಲ್‌ಮಂಡ್ ಅರಮನೆಯಲ್ಲಿ. ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಹೃದಯ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್. ಮುಂದೆ ಅವರು ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 2024ರಲ್ಲಿ ತೀರಿಕೊಂಡದ್ದೂ ಮಣಿಪಾಲದಲ್ಲೇ. ಚಿತ್ರಾ ಹೃದಯ ಕವಾಟದ ಹೆಸರು ಕೇಳಿದವರು ಬಹಳ. ಮೂಳೆಯ ಪೊಳ್ಳು ತುಂಬುವ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟೂ ಅಲ್ಲಿಯದೇ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಪರೀಕ್ಷೆ ಶುರುವಾಗುವುದು ಸಣ್ಣ ಸೀಸೆಯಲ್ಲಿ. ತೂಕ ಮಾಡಿದ ತುಂಡನ್ನು ಉಪ್ಪು ಬೆರೆತ ಬಫರ್ ದ್ರಾವಣದಲ್ಲಿ ಮುಳುಗಿಸಿ, ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಇಡುತ್ತಾರೆ. ಅವಸರದ ಅಂದಾಜಿಗೆ 70 ಡಿಗ್ರಿ. ಇಷ್ಟಿಷ್ಟು ದಿನಕ್ಕೆ ತೆಗೆದು, ಒರೆಸಿ, ಒಣಗಿಸಿ ಮತ್ತೆ ತೂಗುತ್ತಾರೆ. ಇಲ್ಲೊಂದು ಮೋಸವಿದೆ. ಪಾಲಿಲ್ಯಾಕ್ಟಿಕ್ ತುಂಡಿನ ತೂಕ ಬಹುಕಾಲ ಇಳಿಯುವುದೇ ಇಲ್ಲ, ಒಳಗೆ ಅಣುಸರಪಳಿಗಳು ಮಾತ್ರ ತುಂಡಾಗುತ್ತಿರುತ್ತವೆ. ಒಂದು ಹಂತ ದಾಟಿದ ಮೇಲೆ ಕುಸಿಯುತ್ತದೆ, ಕೂಡಿಕೊಂಡ ಆಮ್ಲ ಒಮ್ಮೆಲೇ ಹೊರಬಿದ್ದು ಸುತ್ತಲ ಮಾಂಸ ಊದಿಕೊಳ್ಳಬಹುದು. ಅದಕ್ಕೇ ತಕ್ಕಡಿಯೊಂದನ್ನೇ ನಂಬದೆ, ಅಣುತೂಕವನ್ನೂ ದ್ರಾವಣದ ಹುಳಿಯನ್ನೂ ಅಳೆಯುತ್ತಾರೆ.

ಆಮೇಲೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಜೀವಕೋಶ, ಕೊನೆಗೆ ಮೊಲ. ಮೊಲಕ್ಕೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ಬೇಕೇಬೇಕು. ಮೊಲದ ಮೂಳೆಯಲ್ಲೋ ಸ್ನಾಯುವಿನಲ್ಲೋ ಹೊಸ ವಸ್ತುವಿನ ಜೊತೆಗೆ ಮೊದಲೇ ಪಾಸಾದ ಹಳೆಯದನ್ನೂ ಇಟ್ಟು, ಕರಗಲು ತೊಡಗಿದಾಗ, ಅರ್ಧ ಕರಗಿದಾಗ, ಬಹುಪಾಲು ಮುಗಿದಾಗ ಸುತ್ತಲ ಮಾಂಸದ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಉರಿಯೂತದ ಕೋಶಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಸೊನ್ನೆಯೇ ಫಸ್ಟ್ ಕ್ಲಾಸ್ ಆಗುವ ಪರೀಕ್ಷೆ ಇದು.

ಕಂಪನಿಗಳು ಈ ದಾಖಲೆಗಳ ಕಟ್ಟನ್ನು ಹಿಡಿದೇ ಔಷಧ ನಿಯಂತ್ರಕರ ಬಾಗಿಲಿಗೆ ಹೋಗಬೇಕು. 2018ರ ಜನವರಿ 1ರಂದು ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು ಅದನ್ನು ಕೇಳುತ್ತವೆ. ನಮ್ಮ ಕಬ್ಬು ಅಲ್ಲಿಯವರೆಗೆ ಹೋಗಬೇಕಾದರೆ ನಡುವೆ ಲ್ಯಾಕ್ಟಿಕ್ ಆಮ್ಲವನ್ನು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಶುದ್ಧ ಮಾಡುವ ಕಾರ್ಖಾನೆ ಬೇಕು. ಎಥೆನಾಲ್‌ಗೆ ತೋರಿದ ಉಮೇದನ್ನು ಇದಕ್ಕೂ ಒಂಚೂರು ತೋರಿಸಿದರೆ ತಪ್ಪೇನಿಲ್ಲ.