ಗೆರೆ ಯಾಕೆ ದಪ್ಪ ಆಗ್ತಿಲ್ಲ? ಆಟೋಕ್ಯಾಡ್ ಲ್ಯಾಬ್‌ಗೆ ಒಂದು ಸಣ್ಣ ಗೈಡ್

ಲ್ಯಾಬ್ ಇಂಟರ್ನಲ್ಸ್ ಹತ್ತಿರ ಬಂತು ಅಂದ್ರೆ ಕ್ಲಾಸ್ ಗ್ರೂಪ್‌ನಲ್ಲಿ ಈ ಪ್ರಶ್ನೆಗಳು ಶುರುವಾಗುತ್ತವೆ. "ಲೈನ್‌ವೇಟ್ 0.5 ಕೊಟ್ಟೆ, ಗೆರೆ ತೆಳ್ಳಗೇ ಇದೆ, ಯಾಕೆ?" "ಹಿಡನ್ ಲೈನ್ ಹಾಕಿದ್ರೂ ಪೂರ್ತಿ ಗೆರೆ ಥರಾನೇ ಕಾಣ್ತಿದೆ." "ಸ್ಕ್ರೀನ್ ಮೇಲೆ ಸರಿ ಇತ್ತು, ಪ್ರಿಂಟ್‌ನಲ್ಲಿ ಎಲ್ಲಾ ಒಂದೇ ಥರ ಬಂತು." ಬರೋ ಉತ್ತರವೂ ಪ್ರತಿ ಸಲ ಒಂದೇ: "ಕ್ಲೋಸ್ ಮಾಡಿ ಓಪನ್ ಮಾಡು ಮಗಾ."

ಕ್ಲೋಸ್ ಮಾಡಿ ಓಪನ್ ಮಾಡಿದರೆ ಇವು ಸರಿ ಹೋಗಲ್ಲ. ಯಾಕಂದ್ರೆ ಹೆಚ್ಚಿನ ಸಲ ಸಾಫ್ಟ್‌ವೇರ್ ಕೆಟ್ಟಿರೋದಿಲ್ಲ. ನಾವು ಕೇಳಿದ್ದು ಒಂದು, ಅದಕ್ಕೆ ಅರ್ಥ ಆಗಿದ್ದು ಇನ್ನೊಂದು, ಅಷ್ಟೇ.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಡ್ರಾಯಿಂಗ್‌ನಲ್ಲಿ ಗೆರೆಯ ದಪ್ಪ ಮತ್ತು ಮಾದರಿಗೆ ಅರ್ಥ ಇದೆ. ದಪ್ಪ ಗೆರೆ ಅಂದ್ರೆ ಕಣ್ಣಿಗೆ ಕಾಣುವ ಅಂಚು. ತುಂಡು ತುಂಡಾದ ಗೆರೆ ಅಂದ್ರೆ ಒಳಗೆ ಅಡಗಿರುವ ಅಂಚು. ಉದ್ದ-ಗಿಡ್ಡ ತುಂಡುಗಳ ಗೆರೆ ಅಂದ್ರೆ ಮಧ್ಯರೇಖೆ. ವರ್ಕ್‌ಶಾಪ್‌ನಲ್ಲಿ ಶೀಟ್ ಹಿಡಿದು ನಿಂತವರಿಗೆ ನಿಮ್ಮ ಡಿಡಬ್ಲ್ಯುಜಿ ಫೈಲ್ ಕಾಣಿಸಲ್ಲ, ನೀವೂ ಪಕ್ಕದಲ್ಲಿ ಇರಲ್ಲ. ಇರೋದು ಒಂದು ಕಾಗದ. ಅದರಲ್ಲಿ ಎಲ್ಲಾ ಗೆರೆಯೂ ಒಂದೇ ಥರ ಇದ್ರೆ, ಮುಂದೆ ಇರೋ ಅಂಚು ಯಾವುದು, ಹಿಂದೆ ಅಡಗಿರೋ ತೂತು ಯಾವುದು ಅಂತ ಅವರು ಊಹೆ ಮಾಡಬೇಕಾಗುತ್ತೆ. ಊಹೆ ತಪ್ಪಿದ್ರೆ ಹೋಗೋದು ಒಂದು ಪೂರ್ತಿ ಪೀಸ್.

ಓದುವ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನ ಇಲ್ಲಿ ಕನ್ನಡದಲ್ಲೇ ಬರೆದಿದ್ದೀನಿ. ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಸ್ಪೇಸ್ ಇಲ್ಲದೆ ಟೈಪ್ ಮಾಡಿ. ಆಟೋಕ್ಯಾಡ್‌ನಲ್ಲಿ ಕಮಾಂಡ್ ಮಧ್ಯೆ ಸ್ಪೇಸ್ ಒತ್ತಿದ್ರೆ ಎಂಟರ್ ಒತ್ತಿದ ಹಾಗೆ.

ದಪ್ಪ ಒಂದಲ್ಲ, ಮೂರು

ನಾವು "ಗೆರೆ ದಪ್ಪ ಮಾಡು" ಅಂತ ಸುಲಭವಾಗಿ ಹೇಳ್ತೀವಿ. ಆಟೋಕ್ಯಾಡ್‌ನಲ್ಲಿ ಆ ಮಾತಿಗೆ ಮೂರು ಬೇರೆ ಬೇರೆ ಅರ್ಥ ಇದೆ: ಲೈನ್‌ವೇಟ್, ವಿಡ್ತ್, ಥಿಕ್‌ನೆಸ್. ಅರ್ಧ ಗೊಂದಲ ಹುಟ್ಟೋದೇ ಇಲ್ಲಿ.

ಲೈನ್‌ವೇಟ್ ಅಂದ್ರೆ ಕಾಗದದ ಮೇಲೆ ಗೆರೆ ಎಷ್ಟು ದಪ್ಪ ಬೀಳಬೇಕು ಅನ್ನೋ ಅಳತೆ. 0.5 ಕೊಟ್ಟರೆ, ಡ್ರಾಯಿಂಗನ್ನ 1:1 ರಲ್ಲಿ ಪ್ರಿಂಟ್ ಮಾಡಿ ಅಥವಾ 1:100 ರಲ್ಲಿ ಮಾಡಿ, ಕಾಗದದ ಮೇಲೆ 0.5 ಮಿಮೀ ದಪ್ಪಾನೇ ಬರುತ್ತೆ. ನಮಗೆ ಸಾಮಾನ್ಯವಾಗಿ ಬೇಕಾಗಿರೋದು ಇದೇ.

ವಿಡ್ತ್ ಪಾಲಿಲೈನ್‌ಗೆ ಮಾತ್ರ ಇರೋದು. ಇದು ಕಾಗದದ ಅಳತೆ ಅಲ್ಲ, ವಸ್ತುವಿನ ಅಳತೆ. ಮನೆ ಪ್ಲ್ಯಾನ್‌ನಲ್ಲಿ ಪಾಲಿಲೈನ್‌ಗೆ ವಿಡ್ತ್ 50 ಕೊಟ್ಟರೆ ಅದು ನಿಜವಾಗಿ 50 ಮಿಮೀ ಅಗಲದ ಪಟ್ಟಿ. 1:100 ರಲ್ಲಿ ಪ್ರಿಂಟ್ ತೆಗೆದರೆ ಕಾಗದದ ಮೇಲೆ 0.5 ಮಿಮೀ, 1:50 ರಲ್ಲಿ ತೆಗೆದರೆ 1 ಮಿಮೀ. ಸ್ಕೇಲ್ ಬದಲಾದರೆ ದಪ್ಪಾನೂ ಬದಲಾಗುತ್ತೆ. ಜೂಮ್ ಮಾಡಿದಾಗ ಗೆರೆ ದೊಡ್ಡದಾಗ್ತಾ ಹೋದ್ರೆ ಅದು ವಿಡ್ತ್ ಅಂತ ತಿಳ್ಕೊಳ್ಳಿ. ಇನ್ನೊಂದು ವಿಷಯ: ಒಮ್ಮೆ ವಿಡ್ತ್ ಕೊಟ್ಟರೆ ಮುಂದಿನ ಪಾಲಿಲೈನ್‌ಗೂ ಅದೇ ಉಳಿಯುತ್ತೆ. "ನಾನೇನೂ ಮಾಡಿಲ್ಲ, ತಾನಾಗೇ ದಪ್ಪ ಬರ್ತಿದೆ" ಅನ್ನೋದರ ಕಾರಣ ಇದೇ. ಪ್ಲೈನ್‌ವಿಡ್ ಅಂತ ಟೈಪ್ ಮಾಡಿ 0 ಕೊಡಿ. ಈಗಾಗಲೇ ಎಳೆದಿರೋದನ್ನ ಪಿಎಡಿಟ್ ಕಮಾಂಡ್‌ನ ವಿಡ್ತ್ ಆಯ್ಕೆಯಲ್ಲಿ ಸರಿ ಮಾಡಬಹುದು.

ಥಿಕ್‌ನೆಸ್ ನಿಜವಾದ ಬಲೆ. ಹೆಸರು ನೋಡಿದ್ರೆ ಇದೇ ಬೇಕಾಗಿದ್ದು ಅನ್ಸುತ್ತೆ. ಆದರೆ ಇದು ಗೆರೆಯನ್ನ ಝಡ್ ದಿಕ್ಕಿನಲ್ಲಿ ಮೇಲಕ್ಕೆ ಎಬ್ಬಿಸುತ್ತೆ. ಥಿಕ್‌ನೆಸ್ 10 ಕೊಟ್ಟರೆ ಗೆರೆ 10 ಯೂನಿಟ್ ಎತ್ತರದ ಗೋಡೆ ಆಗುತ್ತೆ. ಮೇಲಿಂದ ನೋಡೋವಾಗ ಗೋಡೆಯ ತುದಿ ಮಾತ್ರ ಕಾಣೋದರಿಂದ ಯಾವ ವ್ಯತ್ಯಾಸಾನೂ ಗೊತ್ತಾಗಲ್ಲ. ವ್ಯೂ ಅನ್ನು ಐಸೊಮೆಟ್ರಿಕ್‌ಗೆ ತಿರುಗಿಸಿ ನೋಡಿ, ಗೋಡೆ ಎದ್ದು ನಿಂತಿರುತ್ತೆ. 2ಡಿ ಶೀಟ್‌ನಲ್ಲಿ ಇದು ಯಾವಾಗಲೂ 0 ಇರಲಿ.

ಕೊಟ್ಟಿದ್ದೀನಿ, ಆದ್ರೂ ಕಾಣ್ತಿಲ್ಲ

ಲೈನ್‌ವೇಟ್ ಸರಿಯಾಗಿ ಕೊಟ್ಟೂ ಸ್ಕ್ರೀನ್ ಮೇಲೆ ಕಾಣದಿದ್ರೆ ಮೊದಲ ಕಾರಣ: ತೋರಿಸೋ ಸ್ವಿಚ್ ಆಫ್ ಇದೆ. ಹೊಸ ಫೈಲ್‌ನಲ್ಲಿ ಇದು ಸಾಮಾನ್ಯವಾಗಿ ಆಫ್ ಇರುತ್ತೆ. ಎಲ್‌ಡಬ್ಲ್ಯುಡಿಸ್‌ಪ್ಲೇ ಅಂತ ಟೈಪ್ ಮಾಡಿ ಆನ್ ಮಾಡಿ. ಕೆಳಗಿನ ಸ್ಟೇಟಸ್ ಬಾರ್‌ನಲ್ಲೂ ಇದಕ್ಕೆ ಬಟನ್ ಇದೆ. ಬಟನ್ ಕಾಣದಿದ್ರೆ ಬಲಗಡೆ ಮೂಲೆಯ ಮೂರು ಗೆರೆಗಳ ಐಕಾನ್ ಒತ್ತಿ, ಲಿಸ್ಟ್‌ನಲ್ಲಿ ಲೈನ್‌ವೇಟ್‌ಗೆ ಟಿಕ್ ಹಾಕಿ. ಮಾಡೆಲ್ ಮತ್ತು ಪ್ರತಿ ಲೇಔಟ್ ಟ್ಯಾಬ್‌ಗೂ ಈ ಸ್ವಿಚ್ ಬೇರೆ ಬೇರೆ. ಒಂದರಲ್ಲಿ ಆನ್ ಮಾಡಿ ಇನ್ನೊಂದರಲ್ಲಿ ಕಾಣ್ತಿಲ್ಲ ಅಂದ್ರೆ ಗಾಬರಿ ಬೇಡ.

ಆನ್ ಮಾಡಿದ ಮೇಲೂ ಮಾಡೆಲ್ ಸ್ಪೇಸ್‌ನಲ್ಲಿ ಕಾಣೋದು ನಿಜವಾದ ದಪ್ಪ ಅಲ್ಲ. ಅಲ್ಲಿ ಲೈನ್‌ವೇಟ್ ಪಿಕ್ಸೆಲ್ ಲೆಕ್ಕದಲ್ಲಿ ತೋರಿಸ್ತಾರೆ. ಎಷ್ಟು ಜೂಮ್ ಮಾಡಿದ್ರೂ ಗೆರೆ ಅಷ್ಟೇ ದಪ್ಪ. ತೆಳು ಗೆರೆಗಳೆಲ್ಲ ಒಂದೇ ಪಿಕ್ಸೆಲ್ ಆಗೋದರಿಂದ 0.13 ಮತ್ತು 0.25 ನಡುವೆ ಕಣ್ಣಿಗೆ ವ್ಯತ್ಯಾಸ ಸಿಗಲ್ಲ. ನಿಜ ನೋಡಬೇಕಂದ್ರೆ ಲೇಔಟ್‌ಗೆ ಹೋಗಿ, ಅಥವಾ ಪ್ಲಾಟ್ ಪ್ರಿವ್ಯೂ ತೆಗೆಯಿರಿ. ಸ್ಕ್ರೀನ್ ನೋಡಿ ಲೈನ್‌ವೇಟ್ ತೀರ್ಮಾನ ಮಾಡೋದು, ಫೋಟೋ ನೋಡಿ ಬಟ್ಟೆ ಸೈಜ್ ಹೇಳಿದ ಹಾಗೆ.

ಮೂರನೇ ಕಾರಣ ಲೇಯರ್. ಲೇಯರ್‌ಗೆ 0.5 ಕೊಟ್ಟಿರ್ತೀರಿ, ಆದರೆ ಆ ಗೆರೆಗೆ ಮಾತ್ರ ಯಾವಾಗಲೋ ಬೇರೆ ಲೈನ್‌ವೇಟ್ ಕೊಟ್ಟಾಗಿರುತ್ತೆ. ಆಗ ಅದು ಲೇಯರ್ ಮಾತು ಕೇಳಲ್ಲ. ಗೆರೆಗಳನ್ನ ಸೆಲೆಕ್ಟ್ ಮಾಡಿ ಸೆಟ್‌ಬೈಲೇಯರ್ ಕಮಾಂಡ್ ಕೊಡಿ, ಎಲ್ಲಾ ಮತ್ತೆ ಲೇಯರ್ ಸೆಟ್ಟಿಂಗ್‌ಗೆ ವಾಪಸ್ ಬರುತ್ತೆ.

ಪ್ರಿಂಟ್‌ನಲ್ಲಿ ಮಾತ್ರ ಕೆಟ್ಟರೆ

ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ಆಟೋಕ್ಯಾಡ್ ಮೊದಲು ಬಂದಿದ್ದು 1982ರಲ್ಲಿ. ಆಗ ಪ್ರಿಂಟ್ ಅಂದ್ರೆ ಪೆನ್ ಪ್ಲಾಟರ್: ನಿಜವಾದ ಪೆನ್ನುಗಳನ್ನ ಹಿಡಿದು ಕಾಗದದ ಮೇಲೆ ಎಳೆಯೋ ಮಷೀನ್. ಗೆರೆಗೆ ಸ್ವಂತ ದಪ್ಪ ಇರಲಿಲ್ಲ. ಕೆಂಪು ಗೆರೆಗೆ ಈ ಪೆನ್, ಹಳದಿಗೆ ಆ ಪೆನ್ ಅಂತ ಬಣ್ಣ ನೋಡಿ ದಪ್ಪ ತೀರ್ಮಾನ ಆಗ್ತಿತ್ತು. ಲೈನ್‌ವೇಟ್ ಅನ್ನೋ ಪ್ರಾಪರ್ಟಿ ಬಂದಿದ್ದು ಆಟೋಕ್ಯಾಡ್ 2000ರಲ್ಲಿ. ಆದರೆ ಹಳೇ ಪದ್ಧತಿ ಹೋಗಲಿಲ್ಲ. ಅದು ಸಿಟಿಬಿ ಅನ್ನೋ ಪ್ಲಾಟ್ ಸ್ಟೈಲ್ ಫೈಲ್ ರೂಪದಲ್ಲಿ ಇವತ್ತಿಗೂ ಇದೆ. 255 ಬಣ್ಣಕ್ಕೂ ಅದರಲ್ಲಿ ಒಂದೊಂದು ಸಾಲು.

ಹಾಗಾಗಿ ಪ್ರಿಂಟ್ ಟೈಮಲ್ಲಿ ಇಬ್ಬರು ಯಜಮಾನರು: ನಿಮ್ಮ ಲೈನ್‌ವೇಟ್ ಮತ್ತು ಸಿಟಿಬಿ. ಸಿಟಿಬಿಯಲ್ಲಿ ಕೆಂಪಿಗೆ 0.18 ಅಂತ ಬರೆದಿದ್ರೆ, ನೀವು ಕೆಂಪು ಗೆರೆಗೆ 0.7 ಕೊಟ್ಟರೂ ಬರೋದು 0.18. ಸಿಟಿಬಿಯಲ್ಲಿ "ಯೂಸ್ ಆಬ್ಜೆಕ್ಟ್ ಲೈನ್‌ವೇಟ್" ಅಂತ ಇದ್ರೆ ಮಾತ್ರ ನಿಮ್ಮ ಮಾತು ನಡೆಯುತ್ತೆ. ಲ್ಯಾಬ್ ಕೆಲಸಕ್ಕೆ ಸುಲಭ ದಾರಿ: ಪ್ಲಾಟ್ ವಿಂಡೋದಲ್ಲಿ ಪ್ಲಾಟ್ ಸ್ಟೈಲ್ ಟೇಬಲ್ ಜಾಗದಲ್ಲಿ ಆಟೋಕ್ಯಾಡ್ ಜೊತೆಗೇ ಬರೋ ಮೊನೊಕ್ರೋಮ್ ಸಿಟಿಬಿ ಆರಿಸಿ. ಅದು ಬಣ್ಣಗಳನ್ನೆಲ್ಲ ಕಪ್ಪು ಮಾಡುತ್ತೆ, ದಪ್ಪವನ್ನ ನಿಮ್ಮ ಲೈನ್‌ವೇಟ್‌ಗೇ ಬಿಡುತ್ತೆ. ಈ ಜಾಗ ಕಾಣದಿದ್ರೆ ವಿಂಡೋದ ಕೆಳಗೆ ಬಲಮೂಲೆಯ ಬಾಣ ಒತ್ತಿ. ಪ್ಲಾಟ್ ಸ್ಟೈಲ್ ಬಳಸದೆ ಇದ್ರೆ "ಪ್ಲಾಟ್ ಆಬ್ಜೆಕ್ಟ್ ಲೈನ್‌ವೇಟ್ಸ್" ಟಿಕ್ ಆಗಿದೆಯಾ ನೋಡಿ. ಅದು ಇಲ್ಲದಿದ್ರೆ ಎಲ್ಲಾ ಗೆರೆ ಒಂದೇ ಥರ ಬರುತ್ತೆ.

ಎ3 ಶೀಟನ್ನ ಎ4 ನಲ್ಲಿ ಪ್ರಿಂಟ್ ತೆಗೆಯೋದು ನಾವೆಲ್ಲ ಮಾಡೋ ಕೆಲಸ. ಇಲ್ಲಿ ಎರಡು ದಾರಿ, ಎರಡು ಫಲ. ಆಟೋಕ್ಯಾಡ್‌ನಲ್ಲೇ "ಫಿಟ್ ಟು ಪೇಪರ್" ಕೊಟ್ಟರೆ ಚಿತ್ರ ಕುಗ್ಗುತ್ತೆ, ಗೆರೆ ದಪ್ಪ ಕುಗ್ಗಲ್ಲ. ಹತ್ತಿರ ಇರೋ ಥ್ರೆಡ್ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದರ ಬದಲು ಎ3 ಪಿಡಿಎಫ್ ಮಾಡಿ, ಆ ಪಿಡಿಎಫ್ ಅನ್ನು ಎ4ಗೆ ಪ್ರಿಂಟ್ ಕೊಟ್ಟರೆ ಗೆರೆ ದಪ್ಪಾನೂ ಸುಮಾರು 71 ಪರ್ಸೆಂಟ್‌ಗೆ ಇಳಿಯುತ್ತೆ. 0.7 ಹೋಗಿ 0.5, 0.5 ಹೋಗಿ 0.35.

ಈ ಅಂಕಿಗಳು ಎಲ್ಲೋ ನೋಡಿದ ಹಾಗಿದೆ ಅಲ್ವಾ? ಸ್ಟ್ಯಾಂಡರ್ಡ್ ಲೈನ್ ದಪ್ಪಗಳು 0.13, 0.18, 0.25, 0.35, 0.5, 0.7, 1, 1.4, 2 ಮಿಮೀ. ಪ್ರತಿಯೊಂದು ಹಿಂದಿನದರ ರೂಟ್ 2 ಪಟ್ಟು. ಎ4, ಎ3, ಎ2 ಕಾಗದದ ಉದ್ದ-ಅಗಲವೂ ಅದೇ ರೂಟ್ 2 ಲೆಕ್ಕದಲ್ಲಿ ಬೆಳೆಯುತ್ತೆ. ಅಂದ್ರೆ ಶೀಟನ್ನ ಒಂದು ಸೈಜ್ ಕುಗ್ಗಿಸಿದ್ರೆ ಗೆರೆಯೂ ಸರಿಯಾಗಿ ಒಂದು ಮೆಟ್ಟಿಲು ಇಳಿದು ಮತ್ತೆ ಸ್ಟ್ಯಾಂಡರ್ಡ್ ದಪ್ಪದಲ್ಲೇ ನಿಲ್ಲುತ್ತೆ. ಮೊದಲ ವರ್ಷ ಬಾಯಿಪಾಠ ಮಾಡಿದ ಈ ಪಟ್ಟಿಯ ಹಿಂದಿನ ಲೆಕ್ಕ ಇದು.

ಹಿಡನ್ ಲೈನ್ ಪೂರ್ತಿ ಗೆರೆ ಆಗೋದು ಯಾಕೆ

ಲೈನ್‌ಟೈಪ್ ಲೋಡ್ ಮಾಡಿ, ಕೊಟ್ಟು, ಆದ್ರೂ ತುಂಡು ಕಾಣದಿದ್ರೆ ಅದು ಹೆಚ್ಚಾಗಿ ಸ್ಕೇಲ್ ಸಮಸ್ಯೆ. ಲೆಕ್ಕ ಹಾಕಿ ನೋಡೋಣ. ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಸೆಂಟರ್ ಲೈನ್‌ನ ಮಾದರಿ ಹೀಗಿದೆ: 31.75 ಉದ್ದದ ತುಂಡು, 6.35 ಖಾಲಿ, 6.35 ಗಿಡ್ಡ ತುಂಡು, ಮತ್ತೆ 6.35 ಖಾಲಿ. ಒಟ್ಟು 50.8 ಮಿಮೀ. ಈಗ 10 ಮಿಮೀ ವ್ಯಾಸದ ತೂತಿಗೆ 16 ಮಿಮೀ ಉದ್ದದ ಮಧ್ಯರೇಖೆ ಎಳೆದ್ರೆ, ಒಂದು ಮಾದರಿಯೂ ಅದರಲ್ಲಿ ಹಿಡಿಸಲ್ಲ. ಆಟೋಕ್ಯಾಡ್ ಸುಮ್ನೆ ಪೂರ್ತಿ ಗೆರೆ ಎಳೆದು ಬಿಡುತ್ತೆ. ಎಲ್‌ಟಿಸ್ಕೇಲ್ ಅಂತ ಟೈಪ್ ಮಾಡಿ 0.25 ಕೊಟ್ಟರೆ ಮಾದರಿ 12.7 ಮಿಮೀಗೆ ಇಳಿಯುತ್ತೆ, ಗೆರೆ ತುಂಡಾಗಿ ಕಾಣುತ್ತೆ.

ಉಲ್ಟಾ ಸಮಸ್ಯೆಯೂ ಇದೆ. ಇಂಚಿನ ಟೆಂಪ್ಲೇಟ್‌ನಲ್ಲಿ ಇದೇ ಮಾದರಿಗಳು 25.4 ಪಟ್ಟು ಚಿಕ್ಕವು. ಅದನ್ನ ಓಪನ್ ಮಾಡಿ ಮಿಮೀ ಲೆಕ್ಕದಲ್ಲಿ ದೊಡ್ಡ ಡ್ರಾಯಿಂಗ್ ಮಾಡಿದ್ರೆ ತುಂಡುಗಳು ಎಷ್ಟು ಚಿಕ್ಕದಾಗುತ್ತವೆ ಅಂದ್ರೆ ಸ್ಕ್ರೀನ್‌ನಲ್ಲಿ ಒಂದಕ್ಕೊಂದು ಸೇರಿ ಪೂರ್ತಿ ಗೆರೆ ಥರ ಕಾಣುತ್ತೆ. ಆಗ ಎಲ್‌ಟಿಸ್ಕೇಲ್ ಹೆಚ್ಚಿಸಬೇಕು. ಯಾವ ಕಡೆ ಅಂತ ಗೊತ್ತಾಗದಿದ್ರೆ ಗೆರೆ ಮೇಲೆ ಚೆನ್ನಾಗಿ ಜೂಮ್ ಮಾಡಿ. ಹತ್ತಿರದಿಂದ ತುಂಡು ಕಂಡರೆ ಸ್ಕೇಲ್ ಹೆಚ್ಚಿಸಿ, ಕಾಣದಿದ್ರೆ ಇಳಿಸಿ.

ಸಿವಿಲ್‌ನವರಿಗೆ: ಲೇಔಟ್‌ನಲ್ಲಿ ಬೇರೆ ಬೇರೆ ಸ್ಕೇಲ್‌ನ ವ್ಯೂಪೋರ್ಟ್ ಇದ್ರೆ ಎಲ್‌ಟಿಸ್ಕೇಲ್, ಪಿಎಸ್ಎಲ್‌ಟಿಸ್ಕೇಲ್, ಎಂಎಸ್ಎಲ್‌ಟಿಸ್ಕೇಲ್ ಮೂರಕ್ಕೂ 1 ಕೊಟ್ಟು ಶುರು ಮಾಡಿ. ಮಾಡೆಲ್‌ನಲ್ಲಿ ಅನೊಟೇಶನ್ ಸ್ಕೇಲನ್ನ ಪ್ರಿಂಟ್ ಸ್ಕೇಲ್‌ಗೆ ಇಟ್ಟು ರೀಜೆನ್‌ಆಲ್ ಕೊಡಿ.

ಸ್ಕೇಲ್ ಸರಿ ಇದ್ರೂ ಒಂದೇ ಒಂದು ಗೆರೆ ಮೊಂಡು ಹಿಡಿದ್ರೆ ಎರಡು ಅನುಮಾನ. ಒಂದು, ಅದೇ ಜಾಗದಲ್ಲಿ ಎರಡು ಗೆರೆ ಇದೆ, ಒಂದರ ಖಾಲಿ ಜಾಗವನ್ನ ಇನ್ನೊಂದು ಮುಚ್ಚುತ್ತಿದೆ. ಓವರ್‌ಕಿಲ್ ಕಮಾಂಡ್ ಕೊಡಿ, ಡೂಪ್ಲಿಕೇಟ್ ಹೋಗುತ್ತೆ. ಎರಡು, ಅದು ಚಿಕ್ಕ ಚಿಕ್ಕ ತುಂಡುಗಳ ಪಾಲಿಲೈನ್, ಪ್ರತಿ ಮೂಲೆಯಲ್ಲೂ ಮಾದರಿ ಹೊಸದಾಗಿ ಶುರುವಾಗ್ತಿದೆ. ಪ್ರಾಪರ್ಟೀಸ್‌ನಲ್ಲಿ ಲೈನ್‌ಟೈಪ್ ಜನರೇಶನ್ ಎನೇಬಲ್ ಮಾಡಿ.

ಗೆರೆ ಬೇರೆ ಕಡೆ ಹೋದಾಗ

ಇವು ಚಿಕ್ಕವು, ಆದರೆ ಪರೀಕ್ಷೆಯಲ್ಲಿ ತುಂಬಾ ಟೈಮ್ ತಿನ್ನುತ್ತವೆ.

ಓರೆ ಗೆರೆ ಬರ್ತಾನೇ ಇಲ್ಲ ಅಂದ್ರೆ ಆರ್ಥೋ ಆನ್ ಇದೆ, ಎಫ್8 ಒತ್ತಿ. ಕರ್ಸರ್ ಕುಣಿದು ಕುಣಿದು ಹೋದ್ರೆ ಗ್ರಿಡ್ ಸ್ನ್ಯಾಪ್ ಆನ್ ಇದೆ, ಎಫ್9.

ಕೋಆರ್ಡಿನೇಟ್ ಸರಿ ಕೊಟ್ಟರೂ ಗೆರೆ ಎಲ್ಲೋ ಹೋದ್ರೆ ಡೈನಮಿಕ್ ಇನ್‌ಪುಟ್ ನೋಡಿ. ಅದು ಆನ್ ಇದ್ದಾಗ ಎರಡನೇ ಬಿಂದುವನ್ನ ಮೊದಲನೆಯದರಿಂದ ಅಳೆಯುತ್ತೆ. 50,50 ಇಂದ ಶುರು ಮಾಡಿ 100,50 ಕೊಟ್ಟರೆ ಗೆರೆ ನಿಲ್ಲೋದು 150,100 ರಲ್ಲಿ. ಎಫ್12 ಒತ್ತಿ ಆಫ್ ಮಾಡಿ, ಇಲ್ಲಾಂದ್ರೆ ಮುಂದೆ ಹ್ಯಾಶ್ ಚಿಹ್ನೆ ಹಾಕಿ #100,50 ಅಂತ ಕೊಡಿ.

ಹ್ಯಾಚ್ ತುಂಬ್ತಿಲ್ಲ ಅಂದ್ರೆ ಎಲ್ಲೋ ಮೂಲೆ ಸೇರಿಲ್ಲ. ಫಿಲೆಟ್ ಕಮಾಂಡ್‌ಗೆ ರೇಡಿಯಸ್ 0 ಕೊಟ್ಟು ಎರಡು ಗೆರೆ ಒತ್ತಿ, ಚೂಪಾಗಿ ಸೇರುತ್ತವೆ. ಎಳೆಯೋವಾಗ್ಲೇ ಎಫ್3 ಆನ್ ಇಟ್ಟು ಎಂಡ್‌ಪಾಯಿಂಟ್ ಹಿಡಿದ್ರೆ ಈ ಕೆಲಸಾನೇ ಬರಲ್ಲ.

ಸ್ಕ್ರೀನ್‌ನಲ್ಲಿ ಇರೋ ಗೆರೆ ಪ್ರಿಂಟ್‌ನಲ್ಲಿ ಮಾಯ ಆದ್ರೆ ಅದು ಡೆಫ್‌ಪಾಯಿಂಟ್ಸ್ ಲೇಯರ್‌ನಲ್ಲಿ ಇದೆಯಾ ನೋಡಿ. ಡೈಮೆನ್ಶನ್ ಹಾಕಿದ ಕೂಡಲೇ ಆಟೋಕ್ಯಾಡ್ ತಾನೇ ಮಾಡಿಕೊಳ್ಳೋ ಲೇಯರ್ ಅದು, ಪ್ರಿಂಟ್ ಆಗಲ್ಲ.

ಮೊದಲು ಗೆರೆಯನ್ನೇ ಕೇಳಿ

ಇಷ್ಟನ್ನೂ ನೆನಪಿಟ್ಟುಕೊಳ್ಳೋ ಅಗತ್ಯ ಇಲ್ಲ. ಗೆರೆ ಸೆಲೆಕ್ಟ್ ಮಾಡಿ, ಕಂಟ್ರೋಲ್ ಜೊತೆ 1 ಒತ್ತಿ. ಪ್ರಾಪರ್ಟೀಸ್ ತೆರೆಯುತ್ತೆ. ಲೇಯರ್ ಯಾವುದು, ಲೈನ್‌ಟೈಪ್ ಯಾವುದು, ಅದರ ಸ್ಕೇಲ್ ಎಷ್ಟು, ಲೈನ್‌ವೇಟ್ ಎಷ್ಟು, ಥಿಕ್‌ನೆಸ್ 0 ಇದೆಯಾ, ಪಾಲಿಲೈನ್ ಆಗಿದ್ರೆ ಗ್ಲೋಬಲ್ ವಿಡ್ತ್ ಎಷ್ಟು, ಎಲ್ಲಾ ಅಲ್ಲೇ ಇದೆ. ಅಲ್ಲಿ ಎಲ್ಲಾ ಸರಿ ಇದ್ರೆ ತೊಂದರೆ ಗೆರೆಯಲ್ಲಿ ಇಲ್ಲ, ತೋರಿಸೋದರಲ್ಲಿ ಅಥವಾ ಪ್ರಿಂಟ್‌ನಲ್ಲಿ ಇದೆ. ಈ ಕ್ರಮದಲ್ಲಿ ಹೋದ್ರೆ ಹುಡುಕೋ ಜಾಗ ಅರ್ಧಕ್ಕೆ ಇಳಿಯುತ್ತೆ.

ತೆಳು ಗೆರೆ ಮೇಲೆ ಇನ್ನೊಂದು ಗೆರೆ ಎಳೆದು ದಪ್ಪ ಮಾಡೋದು, ಹಿಡನ್ ಲೈನ್‌ಗೆ ಕೈಯಲ್ಲೇ ತುಂಡು ತುಂಡು ಗೆರೆ ಎಳೆಯೋದು ಮಾತ್ರ ಬೇಡ. ಆ ಶೀಟ್ ಅವತ್ತು ಚೆನ್ನಾಗಿ ಕಾಣಬಹುದು. ಆದರೆ ಪ್ರಾಜೆಕ್ಟ್‌ನಲ್ಲಿ ಆ ಫೈಲ್ ನಿಮ್ಮ ಟೀಮ್‌ಮೇಟ್ ಕೈಗೆ ಹೋಗುತ್ತೆ. ಒಂದು ತೂತಿನ ಜಾಗ ಬದಲಿಸಬೇಕು ಅಂದ್ರೆ ಅವರು ನಲವತ್ತು ತುಂಡು ಗೆರೆ ಅಳಿಸಬೇಕಾಗುತ್ತೆ.

ಈ ವಾರ ಒಂದು ಅರ್ಧ ಗಂಟೆ ಇಟ್ಟು ಸ್ವಂತ ಟೆಂಪ್ಲೇಟ್ ಮಾಡಿಕೊಳ್ಳಿ. ಮೆಟ್ರಿಕ್ ಟೆಂಪ್ಲೇಟ್‌ನಿಂದ ಶುರು ಮಾಡಿ. ಕಾಣುವ ಅಂಚಿಗೆ 0.5 ಇರೋ ಒಂದು ಲೇಯರ್, ಹಿಡನ್, ಸೆಂಟರ್, ಡೈಮೆನ್ಶನ್, ಹ್ಯಾಚ್ ಎಲ್ಲಕ್ಕೂ 0.25 ಇರೋ ಒಂದೊಂದು ಲೇಯರ್. ದಪ್ಪ ಗೆರೆ ತೆಳು ಗೆರೆಯ ಎರಡರಷ್ಟು ಇರಬೇಕು ಅನ್ನೋ ನಿಯಮಕ್ಕೆ ಇದು ಸರಿ ಹೊಂದುತ್ತೆ. ಎಲ್‌ಟಿಸ್ಕೇಲ್ ಸರಿ ಮಾಡಿ, ಮೊನೊಕ್ರೋಮ್ ಆರಿಸಿ, ಡಿಡಬ್ಲ್ಯುಟಿ ಆಗಿ ಸೇವ್ ಮಾಡಿ. ಆಮೇಲೆ ಒಂದು ಟೆಸ್ಟ್ ಪ್ರಿಂಟ್ ತೆಗೆದು ಕೈ ಚಾಚಿದಷ್ಟು ದೂರ ಹಿಡಿದು ನೋಡಿ. ಅಂಚು ಯಾವುದು, ಅಡಗಿರೋದು ಯಾವುದು ಅಂತ ಯಾರನ್ನೂ ಕೇಳದೆ ಗೊತ್ತಾದ್ರೆ ಟೆಂಪ್ಲೇಟ್ ರೆಡಿ. ಗ್ರೂಪ್‌ನಲ್ಲೂ ಹಾಕಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.